ಹಂಚಿನ ಮಾಡಿನ ಅಟ್ಟ ಕೋಣೆಯಾಗುವ ಮೊದಲು ಪಕ್ಕಾಸು ಒಣಗಲಿ

ಮಂಗಳೂರು, ಉಡುಪಿ ಕಡೆಯ ಹಳೆ ಹಂಚಿನ ಮನೆಗಳಲ್ಲಿ ಅಟ್ಟವನ್ನು ಕೋಣೆ ಮಾಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಪಕ್ಕಾಸು, ಅಂದರೆ ಹಂಚು ಹೊರುವ ಮಾಡಿನ ಓರೆ ಮರ, ಹಸಿ ಇರುವಾಗಲೇ ಅಡಿಯಿಂದ ಜಿಪ್ಸಮ್ ಬೋರ್ಡೋ ಪಿವಿಸಿ ಶೀಟೋ ಹೊಡೆದುಬಿಡುತ್ತಾರೆ. ತೆರೆದ ಮಾಡಿನಲ್ಲಿ ಮರ ನೆನೆದರೂ ಹಂಚಿನ ಸಂದಿಯ ಗಾಳಿಗೆ ಒಣಗುತ್ತಿತ್ತು. ಮುಚ್ಚಿದರೆ ಕುಂಬಾಗಿ ಕೊಳೆಯುತ್ತದೆ, ಅದೂ ಕಣ್ಣಿಗೆ ಕಾಣದ ಹಾಗೆ.

ಜುಲೈಯ ಜಡಿಮಳೆಯಲ್ಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ, ಒದ್ದೆ ಕಂಡಲ್ಲೆಲ್ಲ ಚಾಕ್‌ಪೀಸಿನ ಗುರುತು ಹಾಕಿ. ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ನೀರು ಪಕ್ಕಾಸು ಹಿಡಿದು ಇಳಿದಿರುತ್ತದೆ, ಗುರುತಿನಿಂದ ಮೇಲಕ್ಕೆ ಹುಡುಕಿ. ಬಿರುಕು ಹಂಚು, ನೆತ್ತಿಯ ಹಂಚಿನ ಸಡಿಲ ಗಾರೆ, ಎರಡು ಮಾಡು ಕೂಡುವಲ್ಲಿನ ತುಕ್ಕು ತಗಡು, ಇವನ್ನು ಮೊದಲು ನೋಡಿ. ಗೋಡೆಯಲ್ಲಿ ಹೂತ ಮರದ ತುದಿಯ ಕತೆ ಬೇರೆ: ಮಾಡು ಸೋರದಿದ್ದರೂ ಅದು ಕೆಂಪುಕಲ್ಲಿನಿಂದ ತೇವ ಹೀರುತ್ತದೆ. ಆ ತುದಿಯ ಸುತ್ತ ಒಂದು ಬೆರಳಷ್ಟು ಸಂದಿ ಬಿಡಿಸಿ, ಸಿಮೆಂಟ್ ತುಂಬಬೇಡಿ.

ಸೋರಿಕೆ ನಿಂತ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಭಾಗ ಉಳಿಯುವುದಿಲ್ಲ. ಗಟ್ಟಿ ಮರ ಸಿಕ್ಕಲ್ಲಿಂದ ಇನ್ನೂ ಒಂದು ಅಡಿ ಸೇರಿಸಿ ಕತ್ತರಿಸಿ, ಪಕ್ಕಕ್ಕೆ ಹೊಸ ಮರ ಕೊಟ್ಟು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಸಿ. ಕಡಲ ಗಾಳಿಗೆ ಸಾದಾ ಕಬ್ಬಿಣ ಬಾಳುವುದಿಲ್ಲ.

ಉಳಿದ ಮರಕ್ಕೆ ಹುಳ, ಕುಂಬು ಹಿಡಿಯದಂತೆ ಬೋರಾಕ್ಸ್ ಉಪ್ಪಿನ ನೀರು: 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಗ್ಲೌಸ್ ಹಾಕಿ, ದಿನ ಬಿಟ್ಟು ಎರಡು ಸಲ ಬಳಿಯಿರಿ. ಮರ ಸ್ವಲ್ಪ ಹಸಿ ಇದ್ದರೆ ಒಳ್ಳೆಯದೇ, ಉಪ್ಪು ಒಳಗೆ ಇಳಿಯುತ್ತದೆ. ಆದರೆ ಮಳೆ ನೀರು ತಾಗಿದರೆ ತೊಳೆದು ಹೋಗುತ್ತದೆ. ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚುವ ಹಳೆ ಪದ್ಧತಿಯೂ ಚೆನ್ನ, ಆದರೆ ಪೂರ್ತಿ ಒಣಗಿದ ಮರಕ್ಕೆ ಮಾತ್ರ; ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ಮುಚ್ಚುವ ಕೆಲಸ ಫೆಬ್ರವರಿ, ಮಾರ್ಚ್‌ಗೆ ಇಡಿ. ಮರದ ತೇವ ಅಳೆಯುವ ಎರಡು ಸೂಜಿಯ ಮಾಯಿಶ್ಚರ್ ಮೀಟರ್ ಶೇ. 15ಕ್ಕಿಂತ ಕೆಳಗೆ ತೋರಿಸಬೇಕು. 20 ದಾಟಿದ್ದರೆ ಬೂಷ್ಟಿಗೆ ಆಹ್ವಾನ. ದಪ್ಪ ತೊಲೆಯ ಮೇಲ್ಮೈ ಒಣಗಿದ್ದರೂ ಒಡಲು ಹಸಿ ಇರಬಹುದು, ಆಳಕ್ಕೆ ಚುಚ್ಚಿ ಅಳೆಯಿರಿ.

ಹಂಚಿಗೂ ಬೋರ್ಡಿಗೂ ನಡುವೆ ಕನಿಷ್ಠ 50 ಮಿ.ಮೀ. ಗಾಳಿಯ ದಾರಿ ಬಿಡಿ, ಸೂರಿನಲ್ಲೂ ನೆತ್ತಿಯಲ್ಲೂ ಕಿಂಡಿ ಇಟ್ಟು ಇಲಿ, ಬಾವಲಿ ನುಗ್ಗದಂತೆ ಜಾಲರಿ ಹೊಡೆಯಿರಿ. ಎಸಿ ಹಾಕುವುದಿದ್ದರೆ ಹುಷಾರು: ಹೊರಗಿನ ಒದ್ದೆ ಗಾಳಿ ತಣ್ಣಗಿನ ಬೋರ್ಡಿನ ಹಿಂಬದಿಗೆ ತಾಗಿ ಬೆವರುತ್ತದೆ. ಚಳಿ ದೇಶದವರ ಹಾಗೆ ಕೋಣೆಯ ಬದಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರೆ ಆ ನೀರು ಅಲ್ಲೇ ಸಿಕ್ಕಿಬೀಳುತ್ತದೆ.

ತೆಂಗಿನಕಾಯಿ ರಾಶಿ ಹಾಕಲು ಕಟ್ಟಿದ ಅಟ್ಟ ಮಂಚ, ಕಪಾಟು, ಜನ ಹೊರುತ್ತದೆಯೇ ಎಂದು ಎಂಜಿನಿಯರ್‌ಗೆ ತೋರಿಸಿ. ಗೋಡೆಯ ಅಂಚಿನ ಬೋರ್ಡುಗಳಿಗೆ ಮೊಳೆ ಬೇಡ, ಸ್ಕ್ರೂ ಇರಲಿ. ಮುಂದಿನ ಜುಲೈಯಲ್ಲಿ ಬಿಚ್ಚಿ ನೋಡಲೇಬೇಕು.