ನಾಯಿ ಕಚ್ಚಿದರೆ ಪರಿಹಾರ ಕೇಳುವುದು ಹೇಗೆ? ಕೇಸ್ ಪೇಪರಿನಿಂದಲೇ ಆರಂಭಿಸಿ

ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರಿಗೆ ನಾಯಿ ಕಚ್ಚಿದಾಗ ಅರ್ಜಿ ಬರೆದುಕೊಡುತ್ತ ಬಂದಿದ್ದೇನೆ. ಇಂಥ ಬಹುಪಾಲು ಪ್ರಕರಣಗಳು ಮೊದಲ ದಿನವೇ, ಆಸ್ಪತ್ರೆಯ ನೋಂದಣಿ ಕಿಟಕಿಯ ಎದುರಿಗೇ ಸೋತಿರುತ್ತವೆ.

ಮೊದಲು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನ ಪುಡಿ ಯಾವುದನ್ನೂ ಹಚ್ಚಕೂಡದು. ಅದೇ ದಿನ ಪಾಲಿಕೆಯ ಆಸ್ಪತ್ರೆಗೆ ಹೋಗಿ ಉಚಿತ ಲಸಿಕೆ ಹಾಕಿಸಿಕೊಳ್ಳಿ. ರಕ್ತ ಬಂದ ಗಾಯವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ಸಿದ್ಧ ಪ್ರತಿಕಾಯಗಳಿರುವ ಚುಚ್ಚುಮದ್ದು) ಬೇಕೇ ಎಂದು ವೈದ್ಯರನ್ನು ಕೇಳಿ, ಹೇಳಿದ ದಿನಗಳಂದು ತಪ್ಪದೆ ಎಲ್ಲ ಡೋಸುಗಳನ್ನೂ ಮುಗಿಸಿ.

ಎಲ್ಲರೂ ಎಡವುವುದು ಕೇಸ್ ಪೇಪರಿನಲ್ಲಿ, ಅಂದರೆ ಆಸ್ಪತ್ರೆಯಲ್ಲಿ ವೈದ್ಯರು ಗಾಯದ ವಿವರ ಬರೆದುಕೊಡುವ ಚೀಟಿಯಲ್ಲಿ. ಕುಂದಾಪುರದ ಕಡೆಯ ಒಬ್ಬ ಹುಡುಗನ ಮೀನಖಂಡಕ್ಕೆ ಪಕ್ಕದ ಕಟ್ಟಡದವರ ಸಾಕುನಾಯಿ ಕಚ್ಚಿತ್ತು. ಎರಡು ತಿಂಗಳ ಬಳಿಕ ಅವನು ಅಂಗಿಯ ಜೇಬಿನಿಂದ ತೆಗೆದ ಕಾಗದ ನಾಲ್ಕು ಮಡಿಕೆಯಾಗಿ, ಮಳೆಯಲ್ಲಿ ನೆನೆದು, ಮಡಿಕೆಯ ಉದ್ದಕ್ಕೂ ನೀಲಿ ಶಾಯಿ ಹರಡಿತ್ತು. ಓದಲು ಸಿಕ್ಕಿದ್ದು 'ಡಾಗ್ ಬೈಟ್' ಎಂಬ ಎರಡೇ ಪದ. "ಅಣ್ಣ, ಇಂಜೆಕ್ಷನ್ ದುಡ್ಡು ಅವರೇ ಕೊಟ್ಟಿದ್ರು, ಹಾಗಾಗಿ ಕಂಪ್ಲೇಂಟ್ ಕೊಡಲಿಲ್ಲ" ಎಂದ. ಆ ಹೊತ್ತಿಗೆ ಮಾಲೀಕರು, ಕಚ್ಚಿದ್ದು ಬೀದಿನಾಯಿ ಎಂದು ಹೇಳತೊಡಗಿದ್ದರು. ಅದನ್ನು ಸುಳ್ಳೆಂದು ತೋರಿಸುವ ಒಂದು ಸಾಲೂ ನಮ್ಮ ಬಳಿ ಇರಲಿಲ್ಲ.

ಆದ್ದರಿಂದ ವೈದ್ಯರು ಬರೆಯುವಾಗಲೇ, ಕಚ್ಚಿದ್ದು ಸಾಕುನಾಯಿಯೋ ಬೀದಿನಾಯಿಯೋ, ಯಾವ ರಸ್ತೆಯಲ್ಲಿ, ಎಷ್ಟು ಗಂಟೆಗೆ, ದೇಹದ ಯಾವ ಭಾಗಕ್ಕೆ, ಗಾಯ ಎಷ್ಟು ಆಳ ಎಂಬಿಷ್ಟನ್ನೂ ಬರೆಯುವಂತೆ ವಿನಯದಿಂದ, ಆದರೆ ಬಿಡದೆ ಕೇಳಿ. ಪಟ್ಟಿ ಕಟ್ಟುವ ಮುನ್ನ ಗಾಯದ ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯನ್ನು ನಂಬಿ ಫೋನಿನಲ್ಲಿರುವ ಮೂಲ ಚಿತ್ರವನ್ನು ಅಳಿಸಬೇಡಿ. ಔಷಧಿ ಅಂಗಡಿಯ ರಸೀದಿಯಲ್ಲಿ ರೋಗಿಯ ಹೆಸರಿರಲಿ. ಸಂಬಳ ನಗದಾಗಿ ಬರುವವರು, ಎಷ್ಟು ದಿನ ಕೆಲಸ ತಪ್ಪಿತು, ಎಷ್ಟು ಸಂಬಳ ಕಡಿತವಾಯಿತು ಎಂಬುದಕ್ಕೆ ಹೋಟೆಲ್ ಧಣಿಗಳಿಂದ ಸಹಿಮಾಡಿದ ಪತ್ರವನ್ನು ಆ ತಿಂಗಳೇ ಪಡೆದುಕೊಳ್ಳಬೇಕು.

ಕಚ್ಚಿದ್ದು ಸಾಕುನಾಯಿಯಾದರೆ ಪೊಲೀಸ್ ಠಾಣೆಗೆ ಹೋಗಿ. ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆಮನೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇದು ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾದ್ದರಿಂದ ಬರೀ ಎನ್‌ಸಿ (ಪೊಲೀಸರು ನೇರವಾಗಿ ತನಿಖೆ ಮಾಡದ ದೂರಿನ ದಾಖಲೆ) ಬರೆಸಿಕೊಂಡು ಹಿಂದಿರುಗಬೇಡಿ, ಎಫ್‌ಐಆರ್ ಕೇಳಿ. ಅದರ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ಒಪ್ಪದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅಲ್ಲಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಆದರೆ ಈ ದಾರಿ ದೀರ್ಘವಾದುದು: 2010ರಲ್ಲಿ ಮುಂಬಯಿಯ ನೇಪಿಯನ್ ಸೀ ರಸ್ತೆಯಲ್ಲಿ ರಾಟ್‌ವೈಲರ್ ತಳಿಯ ನಾಯಿ ಕಚ್ಚಿದ ಪ್ರಕರಣದಲ್ಲಿ ಮಾಲೀಕರಿಗೆ ಮೂರು ತಿಂಗಳ ಶಿಕ್ಷೆ ಘೋಷಣೆಯಾದದ್ದು 2023ರಲ್ಲಿ. ಚಿಕಿತ್ಸೆಯ ಖರ್ಚು ಬೇಕೆನ್ನುವವರು ಮಾಲೀಕರಿಗೆ ವಕೀಲರ ಮೂಲಕ ಪ್ರತ್ಯೇಕ ನೋಟಿಸನ್ನೂ ಕೊಡಬೇಕೆಂಬುದು ನನ್ನ ಖಚಿತ ಸಲಹೆ.

ಬೀದಿನಾಯಿಯಾದರೆ ಕೇಳಬೇಕಾದದ್ದು ಪಾಲಿಕೆಯನ್ನು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ನಿಮ್ಮ ವಾರ್ಡಿನಲ್ಲಿ ಆ ಕೆಲಸ ಎಷ್ಟು ನಡೆದಿದೆ, ಹಿಂದೆ ಎಷ್ಟು ದೂರುಗಳು ಬಂದಿದ್ದವು ಎಂದು ಮಾಹಿತಿ ಹಕ್ಕಿನಡಿ ಮೊದಲ ತಿಂಗಳೇ ಅರ್ಜಿ ಹಾಕಿ; ಉತ್ತರಕ್ಕೆ 30 ದಿನಗಳ ಅವಧಿ ಇದೆ. ಅವಸರಕ್ಕೆ ಕಾರಣವಿದೆ. ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 527ನೆಯ ಕಲಮು ಮತ್ತು ಪುಣೆ, ಡೊಂಬಿವಲಿಗಳಿಗೆ ಅನ್ವಯಿಸುವ 1949ರ ಮಹಾರಾಷ್ಟ್ರ ಮಹಾನಗರಪಾಲಿಕೆಗಳ ಕಾಯ್ದೆಯ 487ನೆಯ ಕಲಮು, ದಾವೆಗೆ ಒಂದು ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡಬೇಕೆಂದೂ ಘಟನೆಯಿಂದ ಆರು ತಿಂಗಳೊಳಗೆ ದಾವೆ ಹೂಡಬೇಕೆಂದೂ ಹೇಳುತ್ತವೆ. ಊರಿಗೆ ಹೋಗಿ ಬಂದು ನೋಡೋಣ ಎಂದವರ ಆರು ತಿಂಗಳು ಹಾಗೆಯೇ ಮುಗಿದುಹೋಗುತ್ತವೆ. ಮೂರನೆಯ ತಿಂಗಳು ದಾಟುವ ಮುನ್ನ ನೋಟಿಸ್ ತಲುಪಿರಲಿ. ಅದರಲ್ಲಿ ನಡೆದದ್ದೇನು, ಬೇಕಾದ ಮೊತ್ತ ಎಷ್ಟು, ನಿಮ್ಮ ಹೆಸರು, ವಿಳಾಸ ಸ್ಪಷ್ಟವಾಗಿರಬೇಕು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಮೂನೆಗಳಲ್ಲಿ ಮೊತ್ತದ ಜಾಗ ಖಾಲಿ ಇರುತ್ತದೆ, ಹಲವರು ಅದನ್ನು ಹಾಗೆಯೇ ಕಳಿಸಿಬಿಡುತ್ತಾರೆ; ನಾನು ಅವನ್ನು ಬಳಸಲು ಬಿಡುವುದಿಲ್ಲ.

ಒಂದು ಹಲ್ಲಿನ ಗುರುತಿಗೆ 10,000 ರೂಪಾಯಿ ಎಂಬ ಸಂದೇಶ ಈಗಲೂ ಹರಿದಾಡುತ್ತಿದೆ. ಅದು 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ನೀಡಿದ ತೀರ್ಪು. ಮಹಾರಾಷ್ಟ್ರದಲ್ಲಿ ಅದನ್ನು ವಾದಕ್ಕೆ ಬಳಸಬಹುದೇ ಹೊರತು ಅದರ ಬಲದಿಂದ ಹಣ ತಾನಾಗಿ ಬರುವುದಿಲ್ಲ.

ಆರೆ ಕಾಲೊನಿಯಲ್ಲೋ ಜುನ್ನರಿನಲ್ಲೋ ಚಿರತೆ ದಾಳಿ ಮಾಡಿದರೆ ದಾರಿ ಬೇರೆ: ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ ಪಂಚನಾಮೆ ಮಾಡಿಸಬೇಕು, ಪರಿಹಾರ ರಾಜ್ಯ ಸರ್ಕಾರದ ಯೋಜನೆಯಿಂದ ಬರುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಬಹುಪಾಲು ಜನರಿಗೆ ಆದಾಯದ ಮಿತಿಯಿದೆ. ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗುವಾಗ ಎಲ್ಲ ಕಾಗದಗಳ ಎರಡು ಜೆರಾಕ್ಸ್ ಪ್ರತಿಗಳನ್ನು ಒಯ್ಯಿರಿ. ಮೂಲ ಕೇಸ್ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯಲ್ಲೇ ಇಡಿ.