ನೆಟ್ ಇಲ್ಲದ ಗಣಿತ ಕ್ಲಾಸಿನಲ್ಲಿ ಜಿಯೋಜೀಬ್ರಾ

ನಾನು ಪಾಠ ಮಾಡುವ ಹೈಸ್ಕೂಲಿನಲ್ಲಿ ನೆಟ್ ನೆಚ್ಚಿಕೊಂಡರೆ ಪೀರಿಯಡ್ಡೇ ಮುಗಿದುಹೋಗುತ್ತದೆ. ಅದಕ್ಕೇ ಬೇಕಾದ್ದನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ. ರೇಖಾಗಣಿತದ ಚಿತ್ರ ಬಿಡಿಸಿ, ಎಳೆದು, ಅಳೆಯುವ ತಂತ್ರಾಂಶ ಜಿಯೋಜೀಬ್ರಾ ಕ್ಲಾಸಿಕ್ 5 ಅನ್ನು ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಸಾಕು, ಆಮೇಲೆ ನೆಟ್ ಬೇಡ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳೂ (ಪರದೆಯ ಮೇಲೆ ಮಾಡಿ ನೋಡುವ ಗಣಿತ, ವಿಜ್ಞಾನದ ಪ್ರಯೋಗಗಳು) ಹಾಗೇ. ಒಂದೊಂದೂ ಒಂದೇ ಎಚ್‌ಟಿಎಂಎಲ್ ಫೈಲು, ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಭಿನ್ನರಾಶಿಗೆ ನಾನು ಅದನ್ನೇ ಬಳಸುವುದು.

ಜಿಯೋಜೀಬ್ರಾದ ನಿಜವಾದ ಉಪಯೋಗ ಕಂಡಿದ್ದು ವೃತ್ತದ ಪಾಠದಲ್ಲಿ. ಎಬಿ ವ್ಯಾಸ, ಪರಿಧಿಯ ಮೇಲೆ ಸಿ ಬಿಂದು. ಸಿ ಎಲ್ಲಿಗೆ ಎಳೆದರೂ ಎಸಿಬಿ ಕೋನ 90 ಡಿಗ್ರಿ. ಸುಮ್ನೆ ಎಳೆದು ತೋರಿಸಿದರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ, ಅಷ್ಟೇ. ಹಾಗಾಗಿ ಎಳೆಯುವ ಮೊದಲು ಕೋನ ಎಷ್ಟಾಗುತ್ತದೆ ಅಂತ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಬ್ಬ ಹುಡುಗಿ, "ಸಾರ್, ಸಿ ಒಳಗೆ ಬಂದರೆ?" ಅಂದಳು. ಪರಿಧಿಗೆ ಅಂಟಿದ ಬಿಂದು ಒಳಗೆ ಬರುವುದಿಲ್ಲ. ಬೇರೊಂದು ಬಿಡಿ ಬಿಂದು ಹಾಕಿ ಎಳೆದೆವು. ಒಳಗೆ ತಂದರೆ ವಿಶಾಲಕೋನ, ಹೊರಗೆ ಒಯ್ದರೆ ಲಘುಕೋನ. ಪುಸ್ತಕದ ಪ್ರಮೇಯಕ್ಕಿಂತ ಈ ಪ್ರಶ್ನೆಯೇ ದೊಡ್ಡದು ಅನ್ನಿಸಿತು ನನಗೆ.

ಆದರೆ ಪ್ರಮೇಯದ ಸಾಧನೆ, ಅಂದರೆ ರುಜುವಾತು, ಮಾತ್ರ ಬೋರ್ಡಿನ ಮೇಲೇ. ಕೇಂದ್ರದಿಂದ ಸಿಗೆ ಗೆರೆ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜ, ಅಲ್ಲಿಂದ ಮುಂದೆ ಅವರೇ ಮಾಡುತ್ತಾರೆ. ಅಳೆದು ನೋಡಿದ್ದೇ ಸಾಧನೆ ಅನ್ನುವವರಿಗೆ ಇನ್ನೊಂದು ಮದ್ದಿದೆ. ತ್ರಿಭುಜದ ಕೋನಗಳು ಪರದೆಯಲ್ಲಿ 47.13, 61.34, 71.54 ಅಂತ ಬಂದಾಗ ಕೂಡಿಸಲು ಹೇಳಿ. 180.01! ಎರಡು ದಶಮಾಂಶಕ್ಕೆ ರೌಂಡ್ ಮಾಡಿದ್ದರ ಆಟ ಅದು. ಅಳತೆಯನ್ನು ಎಷ್ಟು ನಂಬಬೇಕು ಅನ್ನುವ ಚರ್ಚೆಗೆ ಇಷ್ಟು ಸಾಕು, ಅಲ್ವಾ?

ಹೊಸದಾಗಿ ಬಳಸುವವರಿಗೆ ಒಂದು ಮಾತು. ಕೋನ ಅಳೆಯುವಾಗ ಬಿಂದುಗಳನ್ನು ತಿರುವುಮುರುವಾಗಿ ಒತ್ತಿದರೆ 90ರ ಬದಲು 270 ಬರುತ್ತದೆ. ಗಾಬರಿ ಬೇಡ, ಬಿಂದುಗಳ ಕ್ರಮ ಬದಲಿಸಿ ಒತ್ತಿ.

ಕನ್ನಡದಲ್ಲೇ ಚಟುವಟಿಕೆ ಬೇಕಿದ್ದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣ ನೋಡಿ. ಅಲ್ಲಿರುವುದನ್ನು ನಾನು ಹಾಗೇ ಬಳಸುವುದು ಕಡಿಮೆ. ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ತಿದ್ದಿಕೊಳ್ಳುತ್ತೇನೆ.