ಸರ್ವರ್‌ಗೆ ಕೀ ಹಾಕುವ ಮುಂಚೆ ಒಂದು ಫೋನ್ ಮಾಡಿ

‘ಸರ್, ಇದು ನನ್ನ ಪಬ್ಲಿಕ್ ಕೀ, ಸರ್ವರ್‌ಗೆ ಹಾಕಿಬಿಡಿ.’ ಕೆಲಸಕ್ಕೆ ಬಂದ ಹೊಸಬರು ಹೀಗೊಂದು ಉದ್ದನೆಯ ಸಾಲು ಕಳಿಸುತ್ತಾರೆ. ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದಲೇ, ಸರ್ವರ್‌ಗೆ ಲಾಗಿನ್ ಆಗಲು ಒಂದು ಜೋಡಿ ಕೀ ಇರುತ್ತದೆ: ಪಬ್ಲಿಕ್ ಕೀ ಸರ್ವರ್‌ಗೆ, ಪ್ರೈವೇಟ್ ಕೀ ಅವರ ಹತ್ತಿರವೇ ಗುಟ್ಟಾಗಿ. ಸಾಲಿನ ಕೊನೆಗೆ ಅವರ ಹೆಸರೂ ಇರುತ್ತದೆ. ಅದನ್ನು ನಂಬಿ ಹಾಕಿಬಿಡಬೇಡಿ. ಆ ಹೆಸರು ಬರೀ ಟಿಪ್ಪಣಿ. ಅಲ್ಲಿ ಯಾರ ಹೆಸರು ಬರೆದರೂ ಕೀ ಕೆಲಸ ಮಾಡುತ್ತದೆ.

ಮೊದಲು ಬಂದಿದ್ದೇನು ಅಂತ ನೋಡಿ. ‘ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ’ ಎಂದು ಶುರುವಾಗಿದ್ದರೆ ಅವರು ಕಳಿಸಬಾರದ್ದನ್ನೇ ಕಳಿಸಿದ್ದಾರೆ. ಬೈಯಬೇಡಿ, ಹೊಸ ಜೋಡಿ ಮಾಡಿಸಿ. ಹಳೆಯದನ್ನು ಇನ್ನೆಲ್ಲೂ ಬಳಸಬಾರದು.

ಈಗ ಕೀಯನ್ನು ಒಂದು ಫೈಲ್‌ನಲ್ಲಿ ಉಳಿಸಿ, ಎಸ್‌ಎಸ್‌ಎಚ್-ಕೀಜೆನ್ ಕಮಾಂಡ್‌ಗೆ ಸಣ್ಣಕ್ಷರದ ‘-ಎಲ್‌ಎಫ್’ ಕೊಟ್ಟು ಫೈಲ್ ಹೆಸರು ಹಾಕಿ. ಬಿಟ್ ಸಂಖ್ಯೆ (ಕೀಯ ಅಳತೆ), ‘ಎಸ್‌ಎಚ್‌ಎ256’ ಎಂದು ಶುರುವಾಗುವ ಫಿಂಗರ್‌ಪ್ರಿಂಟ್ (ಕೀಯಿಂದ ಲೆಕ್ಕ ಹಾಕಿದ ಚಿಕ್ಕ ಗುರುತು), ಟಿಪ್ಪಣಿ, ಕೀ ಬಗೆ ಒಂದೇ ಸಾಲಿನಲ್ಲಿ ಬರುತ್ತವೆ. ಎರಡು ಸಾಲು ಬಂದರೆ ಫೈಲ್‌ನಲ್ಲಿ ಎರಡು ಕೀ ಇವೆ ಎಂದರ್ಥ. ನನಗೊಮ್ಮೆ ಹಾಗೇ ಬಂತು. ವಿಚಾರಿಸಿದರೆ, ಇನ್ನೊಂದು ಅವರು ಆಗಲೇ ಮಾರಿದ್ದ ಲ್ಯಾಪ್‌ಟಾಪ್‌ನ ಕೀ!

ಮುಖ್ಯವಾದ ಕೆಲಸ ಈಗ. ಮೆಸೇಜ್‌ನಲ್ಲಿ ಕೊಟ್ಟ ನಂಬರ್ ಬೇಡ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರ್‌ಗೆ ಫೋನ್ ಮಾಡಿ. ಅವರ ಕಂಪ್ಯೂಟರ್‌ನಲ್ಲೂ ಅದೇ ಕಮಾಂಡ್ ಓಡಿಸಲಿ. ಫಿಂಗರ್‌ಪ್ರಿಂಟ್ ಅವರೇ ಓದಬೇಕು, ನೀವು ತಾಳೆ ನೋಡಬೇಕು. ನೀವು ಓದಿ ‘ಸರೀನಾ?’ ಅಂದರೆ ಎಲ್ಲರೂ ‘ಹ್ಞೂಂ ಹ್ಞೂಂ’ ಅಂತಾರೆ, ಅಲ್ವಾ? ‘ಎಸ್‌ಎಚ್‌ಎ256’ ಆದಮೇಲೆ ಇರುವುದು 43 ಅಕ್ಷರ. ದೊಡ್ಡ ಐ, ಸಣ್ಣ ಎಲ್, ಅಂಕಿ 1 ನೋಡಲು ಒಂದೇ ಥರ. ಹಾಗಾಗಿ ‘ದೊಡ್ಡದು’, ‘ಸಣ್ಣದು’, ‘ಅಂಕಿ’ ಅಂತ ಸೇರಿಸಿಯೇ ಓದಿಸಿ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡಬೇಡಿ. ಎರಡು ನಿಮಿಷ ಜಾಸ್ತಿ ಹೋಗಲಿ.

ಬಗೆ ಇಡಿ25519 ಆಗಿದ್ದರೆ ಒಳ್ಳೆಯದು. ಆರ್‌ಎಸ್‌ಎ ಆದರೆ 2048 ಬಿಟ್‌ಗಿಂತ ಕಡಿಮೆ ಬೇಡ, 3072 ಇದ್ದರೆ ವಾಸಿ. ಡಿಎಸ್‌ಎ ಬೇಡವೇ ಬೇಡ. ತುಂಬಾ ಹಳೆಯ ಕೀ ಆದರೆ ಯಾವಾಗ ಮಾಡಿದ್ದು ಅಂತಲೂ ಕೇಳಿ. 2006ರಿಂದ 2008ರವರೆಗೆ ಡೆಬಿಯನ್ ಲಿನಕ್ಸ್‌ನಲ್ಲಿ ಕೀ ಮಾಡಲು ಬಳಕೆಯಾಗುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ನಲ್ಲಿ ಒಂದು ದೋಷವಿತ್ತು. ಒಂದೇ ಥರದ ಪ್ರೊಸೆಸರ್‌ನಲ್ಲಿ ಒಂದೇ ಬಗೆ, ಒಂದೇ ಅಳತೆಯ ಕೀಗಳು ಹೆಚ್ಚೆಂದರೆ 32,768 ಥರ ಮಾತ್ರ ಹುಟ್ಟುತ್ತಿದ್ದವು. ಅಷ್ಟನ್ನೂ ಕಂಪ್ಯೂಟರ್‌ನಲ್ಲಿ ಒಂದೊಂದಾಗಿ ಪ್ರಯತ್ನಿಸಿಬಿಡಬಹುದು.

ಎಲ್ಲ ತಾಳೆಯಾದರೆ ಅವರದೇ ಖಾತೆಯ ‘ಆಥರೈಸ್ಡ್ ಕೀಸ್’ ಫೈಲ್‌ಗೆ (ಯಾವ ಕೀಗಳನ್ನು ಒಪ್ಪಬೇಕು ಎಂಬ ಪಟ್ಟಿ) ಸೇರಿಸಿ, ಎಲ್ಲ ಅಧಿಕಾರ ಇರುವ ರೂಟ್ ಖಾತೆಗೆ ಬೇಡ. ಮೂರು ತಿಂಗಳ ಕೆಲಸಕ್ಕೆ ಬಂದವರಾದರೆ ಸಾಲಿನ ಮುಂದೆ ‘ಎಕ್ಸ್‌ಪೈರಿ-ಟೈಮ್’ ಹಾಕಿ. ಆ ದಿನ ದಾಟಿದರೆ ಸರ್ವರ್ ತಾನಾಗಿಯೇ ಆ ಕೀಯನ್ನು ಒಪ್ಪುವುದಿಲ್ಲ.